ಬಂಗಾಳ ಕೊಲ್ಲಿಯಲ್ಲಿ ಗಾಳಿ ತಿರುಗಿದರೆ ಸಕಲೇಶಪುರದ ಕಾಫಿ ಕಣ ಯಾಕೆ ನೆನೆಯುತ್ತದೆ?

ಪ್ರಶ್ನೆ (ಸಕಲೇಶಪುರ ಕಡೆಯ ಕಾಫಿ ಬೆಳೆಗಾರರು): ಅರೇಬಿಕಾ ಕೊಯ್ಲಿಗೆ ಆಳು ಸಿಕ್ಕಿ, ಹಣ್ಣು ಕಣಕ್ಕೆ ಬರುವಷ್ಟರಲ್ಲಿ ಟಿವಿಯಲ್ಲಿ ‘ವಾಯುಭಾರ ಕುಸಿತ’ ಅಂತ ಶುರುವಾಗುತ್ತದೆ. ಈ ಚಂಡಮಾರುತ ಹುಟ್ಟುವುದು ಹೇಗೆ? ಅದಕ್ಕೆ ಅಷ್ಟು ಬಲ ಎಲ್ಲಿಂದ ಬರುತ್ತದೆ? ಸಮುದ್ರ ಎಲ್ಲೋ, ನಾವೆಲ್ಲೋ. ಒಂದು ಚಂಡಮಾರುತಕ್ಕೆ ಮೂರು ದಿನ ಜಡಿ ಮಳೆ, ಇನ್ನೊಂದಕ್ಕೆ ಚುರುಕು ಬಿಸಿಲು. ಇದಕ್ಕೇನು ಲೆಕ್ಕ?

ಉತ್ತರ: ಲೆಕ್ಕ ಇದೆ ಸರ್, ಹೇಳುತ್ತೇನೆ. ಆದರೆ ಗಾಳಿಯಿಂದ ಶುರು ಮಾಡುವುದು ಬೇಡ, ನೀರಿನಿಂದ ಶುರು ಮಾಡೋಣ. ಚಂಡಮಾರುತ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬುಡಮೇಲಾದ ಮರ, ಹಾರಿಹೋದ ಶೀಟು. ಗಾಳಿ ಕೊನೆಗೆ ಕಾಣಿಸುವುದು. ಅಸಲು ಬಂಡವಾಳ ಬೆಚ್ಚಗಿನ ಸಮುದ್ರದ ನೀರು.

ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಬರೀ ಮೇಲಿನ ಪದರ ಬಿಸಿಯಾದರೆ ಸಾಲದು, ಹತ್ತಿರ ಹತ್ತಿರ 50 ಮೀಟರ್ ಆಳದವರೆಗೂ ಆ ಬಿಸಿ ಇರಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಂಥ ನೀರಿನಿಂದ ಹಗಲೂ ರಾತ್ರಿ ಆವಿ ಏಳುತ್ತಲೇ ಇರುತ್ತದೆ, ಮತ್ತು ಪ್ರತಿ ಹನಿ ಆವಿಯೂ ತನ್ನೊಳಗೆ ಶಾಖವನ್ನು ಅಡಗಿಸಿಕೊಂಡೇ ಮೇಲೆ ಹೋಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿದರೆ ಬಿಸಿನೀರಿಗಿಂತ ಜಾಸ್ತಿ ಸುಡುತ್ತದೆ ಅಲ್ವಾ? ಹಬೆ ಚರ್ಮದ ಮೇಲೆ ನೀರಾಗುವಾಗ ಆ ಅಡಗಿದ್ದ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ, ಅದಕ್ಕೇ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಬೇಕಾಗುವ ಶಾಖ, ಅದೇ ನೀರನ್ನು ಮಂಜುಗಡ್ಡೆಯಷ್ಟು ತಣ್ಣಗಿದ್ದಲ್ಲಿಂದ ಕುದಿಯುವ ತನಕ ಕಾಯಿಸಲು ಬೇಕಾಗುವುದರ ಐದು ಪಟ್ಟಿಗೂ ಹೆಚ್ಚು. ಮೇಲೆ ಹೋದ ಆವಿ ತಣ್ಣಗಾಗಿ ಮೋಡದ ಹನಿಯಾಗುವಾಗ ಅಷ್ಟೂ ಶಾಖ ಅಲ್ಲಿನ ಗಾಳಿಗೆ ಸೇರುತ್ತದೆ.

ಬಿಸಿಯಾದ ಗಾಳಿ ಹಗುರ. ಅದು ಮತ್ತಷ್ಟು ಮೇಲೇರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ. ಟಿವಿಯವರು ಹೇಳುವ ವಾಯುಭಾರ ಕುಸಿತ ಇದೇ. ಒತ್ತಡ ಕಡಿಮೆ ಇದ್ದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ನೇರವಾಗಿ ನುಗ್ಗಿದ್ದರೆ ಒತ್ತಡದ ಆ ಹಳ್ಳ ತುಂಬಿ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಭೂಮಿ ತಿರುಗುವುದರಿಂದ ಹಾಗಾಗುವುದಿಲ್ಲ. ನಮ್ಮ ಉತ್ತರಾರ್ಧದಲ್ಲಿ ಬೀಸುವ ಗಾಳಿ ಬಲಕ್ಕೆ ವಾಲುತ್ತದೆ, ವಾಲುತ್ತಾ ವಾಲುತ್ತಾ ಕೇಂದ್ರವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತಲು ಶುರು ಮಾಡುತ್ತದೆ. ಸಮಭಾಜಕ ವೃತ್ತದ ಹತ್ತಿರ ಈ ವಾಲುವಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನೀರು ಎಷ್ಟೇ ಬಿಸಿಯಿದ್ದರೂ ಆಚೀಚೆ ಐದು ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ.

ಇನ್ನು ಬಲದ ವಿಷಯ. ಗಾಳಿ ಜೋರಾದಷ್ಟೂ ಸಮುದ್ರದಿಂದ ಹೆಚ್ಚು ಆವಿ ಏಳುತ್ತದೆ. ಹೆಚ್ಚು ಆವಿ ಅಂದರೆ ಹೆಚ್ಚು ಮೋಡ, ಹೆಚ್ಚು ಶಾಖ, ಒತ್ತಡ ಇನ್ನೂ ಕುಸಿತ, ಗಾಳಿ ಇನ್ನೂ ಜೋರು. ತಾನೇ ತನಗೆ ಸೌದೆ ಒಟ್ಟಿಕೊಳ್ಳುವ ಒಲೆ ಅದು. ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 1010 ಮಿಲಿಬಾರ್ ಆಸುಪಾಸು ಇರುವ ಒತ್ತಡ, 1999ರ ಅಕ್ಟೋಬರ್ ಕೊನೆಗೆ ಒಡಿಶಾಕ್ಕೆ ಬಡಿದ ಸೂಪರ್ ಸೈಕ್ಲೋನ್‌ನ ನಡುವೆ ಸುಮಾರು 912ಕ್ಕೆ ಇಳಿದಿತ್ತು. ಗಾಳಿ ಗಂಟೆಗೆ 250 ಕಿ.ಮೀ. ದಾಟಿತ್ತು. ಸತ್ತವರು ಸುಮಾರು ಹತ್ತು ಸಾವಿರ. ತಮಾಷೆ ಅಂದರೆ ಇಷ್ಟೆಲ್ಲ ಅಬ್ಬರದ ನಟ್ಟನಡುವೆ, ಕಣ್ಣು ಅನ್ನುತ್ತಾರಲ್ಲ ಆ ಜಾಗದಲ್ಲಿ, ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತಿರುತ್ತದೆ, ಮೋಡ ಸರಿದು ಆಕಾಶವೂ ಕಾಣಬಹುದು. ಅತಿ ಕೆಟ್ಟ ಗಾಳಿ ಇರುವುದು ಆ ಕಣ್ಣಿನ ಸುತ್ತಲಿನ ಮೋಡದ ಗೋಡೆಯಲ್ಲಿ. ಕಣ್ಣು ಮೇಲೆ ಬಂದಾಗ ‘ಮುಗಿಯಿತು’ ಅಂತ ಹೊರಗೆ ಬಂದವರಿಗೆ ಗೋಡೆಯ ಇನ್ನೊಂದು ಕಡೆ ಎದುರು ದಿಕ್ಕಿನಿಂದ ಬಂದು ಬಡಿಯುತ್ತದೆ.

ಹಾಗಾದರೆ ಪ್ರತಿ ವಾಯುಭಾರ ಕುಸಿತವೂ ಯಾಕೆ ಚಂಡಮಾರುತ ಆಗುವುದಿಲ್ಲ? ಈ ಒಲೆ ಕೆಡಿಸುವ ಸಂಗತಿಗಳೂ ಬೇಕಾದಷ್ಟಿವೆ. ಮುಖ್ಯವಾದದ್ದು, ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಬೀಸುವುದು. ಆಗ ಮೇಲೆದ್ದ ಶಾಖ ಒಂದೇ ಕಡೆ ನಿಲ್ಲದೆ ಚದುರಿಹೋಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಕಣ್ಣು ಬಿಡಲಾಗದ ಹಾಗೆ ಸುರಿದರೂ ಆಗ ದೊಡ್ಡ ಚಂಡಮಾರುತದ ಸುದ್ದಿ ಇರುವುದಿಲ್ಲ, ಗಮನಿಸಿದ್ದೀರಾ? ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ಬಹಳ ಎತ್ತರದಲ್ಲಿ ಪೂರ್ವದ ಗಾಳಿ, ಎರಡೂ ಜೋರು. ಅದಕ್ಕೇ ನಮ್ಮ ಕಡೆಯ ಚಂಡಮಾರುತಗಳೆಲ್ಲ ಹೆಚ್ಚಾಗಿ ಮುಂಗಾರಿಗೆ ಮುಂಚೆ ಇಲ್ಲವೇ ಹಿಂಗಾರಿನಲ್ಲಿ, ಅಂದರೆ ಸರಿಯಾಗಿ ನಿಮ್ಮ ಕೊಯ್ಲಿನ ಹೊತ್ತಿಗೆ.

ಎರಡನೆಯದು ಆಳದ ನೀರು. ಚಂಡಮಾರುತ ಒಂದೇ ಕಡೆ ನಿಂತರೆ ಸಮುದ್ರವನ್ನು ಕಲಕಿ ಅಡಿಯ ತಣ್ಣೀರನ್ನು ಮೇಲಕ್ಕೆ ತರುತ್ತದೆ, ತನ್ನ ಒಲೆಗೆ ತಾನೇ ನೀರು ಹೊಯ್ದುಕೊಳ್ಳುತ್ತದೆ. 50 ಮೀಟರ್ ಅಂದೆನಲ್ಲ, ಕಾರಣ ಇದು. ಬಿಸಿ ಆಳಕ್ಕಿದ್ದರೆ ಕಲಕಿದರೂ ಬರುವುದು ಬಿಸಿ ನೀರೇ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಗೋದಾವರಿಯಂಥ ನದಿಗಳ ಸಿಹಿನೀರು ಸೇರಿ ಮೇಲೆ ಹಗುರವಾದ ಪದರ ಕಟ್ಟುತ್ತದೆ. ಅದು ಅಡಿಯ ಉಪ್ಪು ನೀರಿನ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಹಾಗಾಗಿ ಅಲ್ಲಿ ಮೇಲ್ಮೈ ಬೇಗ ತಣಿಯದು.

ಮೂರನೆಯದು ನೆಲ. ದಡ ಹತ್ತಿದರೆ ಆವಿಯ ಸರಬರಾಜು ನಿಂತುಹೋಗುತ್ತದೆ, ಗಾಳಿಯ ಜೋರು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಹೊತ್ತು ತಂದ ತೇವ ಅಷ್ಟು ಬೇಗ ಮುಗಿಯುವುದಿಲ್ಲ. ನಿಮ್ಮ ಕಣಕ್ಕೆ ಬರುವುದು ಆ ಉಳಿಕೆ.

ಈಗ ನಿಮ್ಮ ಅಸಲು ಲೆಕ್ಕಕ್ಕೆ ಬರೋಣ. ಚೆನ್ನೈ ಕರಾವಳಿಯಿಂದ ಹಾಸನಕ್ಕೆ ನೇರ ದೂರ ಸುಮಾರು 450 ಕಿ.ಮೀ. ಚಂಡಮಾರುತದ ಮೋಡ ಅಷ್ಟು ದೂರಕ್ಕೆ ಆರಾಮಾಗಿ ಚಾಚುತ್ತದೆ. ನೀವು ನೋಡಬೇಕಾದದ್ದು ಅದರ ಕೇಂದ್ರ ನಿಮಗಿಂತ ದಕ್ಷಿಣಕ್ಕಿದೆಯೋ ಉತ್ತರಕ್ಕಿದೆಯೋ ಅಂತ. ಸುತ್ತುವ ದಿಕ್ಕು ನೆನಪಿದೆಯಲ್ಲ, ಅದರ ಪ್ರಕಾರ ಕೇಂದ್ರದ ಉತ್ತರ ಭಾಗದಲ್ಲಿ ಗಾಳಿ ಪೂರ್ವದಿಂದ ಬರುತ್ತದೆ, ಅಂದರೆ ಕೊಲ್ಲಿಯ ತೇವ ಹೊತ್ತುಕೊಂಡೇ ಬರುತ್ತದೆ. ನೈಋತ್ಯ ಭಾಗದಲ್ಲಿ ಗಾಳಿ ವಾಯವ್ಯದಿಂದ, ಒಣ ನೆಲದ ಮೇಲಿಂದ ಬರುತ್ತದೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಎಲ್ಲ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸು. ಕೇಂದ್ರ 11-12 ಡಿಗ್ರಿಯಲ್ಲಿ ತಮಿಳುನಾಡಿನ ಕಡೆ ಮುಖ ಮಾಡಿದ್ದರೆ ಟಾರ್ಪಾಲು ಹುಡುಕಿ. 16 ದಾಟಿ ಆಂಧ್ರದ ಉತ್ತರಕ್ಕೋ ಒಡಿಶಾಕ್ಕೋ ಹೊರಟಿದ್ದರೆ ನಿಮಗೆ ಬಹುತೇಕ ಬಿಸಿಲೇ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿದ ಫೆಂಗಲ್ ಇದಕ್ಕೆ ಒಳ್ಳೆ ಉದಾಹರಣೆ. ಗಾಳಿಯ ಲೆಕ್ಕದಲ್ಲಿ ಅದು ಸಾಧಾರಣ ಚಂಡಮಾರುತ, ಆದರೆ ಅಲ್ಲೇ ಕೂತು ಸುರಿಯಿತು, ಉಳಿದದ್ದು ಪಶ್ಚಿಮಕ್ಕೆ ಸರಿದು ದಕ್ಷಿಣ ಕರ್ನಾಟಕಕ್ಕೂ ಮಳೆ ತಂದಿತು. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಕೇಂದ್ರದ ಅಕ್ಷಾಂಶ ಬರೆದೇ ಇರುತ್ತದೆ. ಟಿವಿಯ ಕೆಂಪು ಬಣ್ಣಕ್ಕಿಂತ ಆ ಒಂದು ಅಂಕಿ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಅರಬ್ಬಿ ಸಮುದ್ರದ ಚಂಡಮಾರುತವಾದರೆ ಲೆಕ್ಕವೇ ಬೇರೆ. ಅದರ ಪೂರ್ವ ಭಾಗದಲ್ಲಿ ನಾವಿರುತ್ತೇವೆ, ದಕ್ಷಿಣದ ತೇವಗಾಳಿ ಬಂದು ಘಟ್ಟಕ್ಕೆ ಗುದ್ದುತ್ತದೆ. 2021ರ ಮೇ ತಿಂಗಳ ತೌಕ್ತೆ ದಡ ಹತ್ತಿದ್ದು ಗುಜರಾತಿನಲ್ಲಿ, ಆದರೆ ಹೋಗುವ ದಾರಿಯಲ್ಲಿ ನಮ್ಮ ಕರಾವಳಿ, ಮಲೆನಾಡನ್ನೂ ತೋಯಿಸಿತು.

ಪ್ರಶ್ನೆ (ಚಿಕ್ಕಮಗಳೂರಿನ ಪಿಯು ವಿದ್ಯಾರ್ಥಿನಿ): ಅಮೆರಿಕದ ಹರಿಕೇನ್ ಮತ್ತು ನಮ್ಮ ಸೈಕ್ಲೋನ್ ಬೇರೆ ಬೇರೆನಾ?

ಉತ್ತರ: ಎರಡೂ ಒಂದೇ ಕಣಮ್ಮ. ಸಮುದ್ರ ಬೇರೆ, ಹೆಸರು ಬೇರೆ. ಅಟ್ಲಾಂಟಿಕ್‌ನ ಹಲವು ಹರಿಕೇನ್‌ಗಳ ಮೂಲ ಆಫ್ರಿಕಾದಿಂದ ಪಶ್ಚಿಮಕ್ಕೆ ತೇಲಿಬರುವ ಗಾಳಿಯ ಅಲೆಗಳು. ಅವು ಬೆಚ್ಚಗಿನ ಸಾಗರದ ಮೇಲೆ ದಿನಗಟ್ಟಲೆ ಸಾಗಿಬರುತ್ತವೆ, ಬಲ ಕೂಡಿಸಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ಕೊಲ್ಲಿ ಚಿಕ್ಕದು, ಬೇಗ ದಡ ಸಿಕ್ಕಿಬಿಡುತ್ತದೆ. ಆದರೂ ಸಮಯ ಇದ್ದರೇನೇ ಬಲ ಅಂತಲ್ಲ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಪೆಸಿಫಿಕ್ ದಡಕ್ಕೆ ಬಂದ ಓಟಿಸ್, ಒಂದೇ ದಿನದೊಳಗೆ ಸಾಮಾನ್ಯ ಬಿರುಗಾಳಿಯಿಂದ ಐದನೇ ದರ್ಜೆಗೆ, ಅಂದರೆ ಅತಿ ಮೇಲಿನ ದರ್ಜೆಗೆ ಏರಿತು. ಅಕಾಪುಲ್ಕೋದ ಜನಕ್ಕೆ ತಯಾರಾಗಲು ಹೊತ್ತೇ ಸಿಗಲಿಲ್ಲ. ಇಂಥ ದಿಢೀರ್ ಏರಿಕೆಯನ್ನು ಮೊದಲೇ ಹೇಳುವುದು ಇವತ್ತಿಗೂ ತಲೆನೋವಿನ ಕೆಲಸ. ಸಮುದ್ರ ಬಿಸಿಯಾಗುತ್ತಿರುವುದು ಅದನ್ನು ಇನ್ನೂ ಕಷ್ಟ ಮಾಡುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು.

ಪ್ರಶ್ನೆ (ಅರಸೀಕೆರೆ ರೈತರು): ರಾಗಿ ಕೊಯ್ದು ಹೊಲದಲ್ಲೇ ಬಿಟ್ಟಿದ್ದೇವೆ. ‘ಚಂಡಮಾರುತ ಏನಲ್ಲ, ಬರೀ ವಾಯುಭಾರ ಕುಸಿತ’ ಅಂದರು. ಸುಮ್ನೆ ಇರಬಹುದಾ?

ಉತ್ತರ: ಬೇಡ. ಆ ದರ್ಜೆಗಳೆಲ್ಲ ಗಾಳಿಯ ವೇಗಕ್ಕೆ ಕೊಟ್ಟ ಹೆಸರು, ಮಳೆಗಲ್ಲ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಅದಕ್ಕೊಂದು ಹೆಸರೂ ಸಿಗುತ್ತದೆ. 55ರಲ್ಲಿದ್ದರೆ ಹೆಸರಿಲ್ಲ, ಆದರೆ ತೇವ ಅಷ್ಟೇ ಇರಬಹುದು. ನಿಧಾನಕ್ಕೆ ಸರಿಯುವ ದುರ್ಬಲ ಕುಸಿತ ಒಮ್ಮೊಮ್ಮೆ ಓಡಿಹೋಗುವ ಜೋರು ಚಂಡಮಾರುತಕ್ಕಿಂತ ಜಾಸ್ತಿ ಸುರಿಯುತ್ತದೆ. ಒದ್ದೆ ನೆಲದಲ್ಲಿ ಬಿದ್ದ ತೆನೆ ಮೊಳಕೆ ಬರಲು ಗಾಳಿ ಬೇಕಾಗಿಲ್ಲ, ಎರಡು-ಮೂರು ದಿನದ ಜಿಟಿಜಿಟಿ ಸಾಕು. ಕೇಂದ್ರ ತಮಿಳುನಾಡಿನ ಕಡೆ ಇದ್ದರೆ ಇವತ್ತೇ ಮೆದೆ ಹಾಕಿ, ಮೇಲೆ ಹೊದಿಸಿ.