ಕೋಳಿ ಕೊಯ್ಯಲು ಧೈರ್ಯ ಸಾಕೇ?

ಪ್ರಶ್ನೆ: ಹುಟ್ಟಿದಾಗಿನಿಂದ ಮಾಂಸ ತಿಂದು ಬೆಳೆದವನು ನಾನು. ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ 2011ರಲ್ಲಿ, ಒಂದು ವರ್ಷ ತಾನೇ ಕೊಂದ ಪ್ರಾಣಿಯ ಮಾಂಸ ಮಾತ್ರ ತಿನ್ನುತ್ತೇನೆಂದು ಹೊರಟದ್ದನ್ನು ಎಲ್ಲೋ ಓದಿದ ಮಗಳು, ‘ಅಪ್ಪ, ನಿಮ್ಮಿಂದ ಆಗುತ್ತದಾ?’ ಎಂದು ಕೇಳಿದಳು. ಮನೆಯಲ್ಲಿ ಊರಿನ (ನಾಟಿ) ಕೋಳಿಗಳು ಆರಿವೆ. ಇಷ್ಟು ವರ್ಷ ನೆರೆಮನೆಯವರ ಕೈಯಲ್ಲಿ ಕೊಯ್ಯಿಸಿದ್ದೇ ಹೊರತು ಕತ್ತಿ ಮುಟ್ಟಿಲ್ಲ. ಕೊಲ್ಲಲಾಗದವನು ತಿನ್ನಬಾರದು ಎನ್ನುವುದು ಸರಿಯೇ? ನಾನೇ ಕೊಯ್ಯುವುದಾದರೆ ಹೇಗೆ?
— ಓದುಗರು, ಬದಿಯಡ್ಕ

ಉತ್ತರ: ‘ಆಗುತ್ತದಾ’ ಎಂಬ ಒಂದು ಮಾತಿನಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಮನಸ್ಸು ಒಪ್ಪುತ್ತದೆಯೇ ಎಂಬುದು ಒಂದು, ಕೈಗೆ ಬರುತ್ತದೆಯೇ ಎಂಬುದು ಇನ್ನೊಂದು. ಮಾತಾಡುವವರೆಲ್ಲ ಮೊದಲನೆಯದನ್ನೇ ಹಿಡಿದು ವಾದಿಸುತ್ತಾರೆ. ಕೋಳಿಯ ಪಾಲಿಗೆ ದೊಡ್ಡದು ಎರಡನೆಯದು. ಗುಂಡಿಗೆ ಎಷ್ಟೇ ಗಟ್ಟಿಯಿರಲಿ, ಕತ್ತಿ ಮೊಂಡಾಗಿದ್ದರೆ ಕೋಳಿ ನರಳಿಯೇ ಸಾಯಬೇಕು. ಅಳುತ್ತಾ ಕೊಯ್ದವನ ಕತ್ತಿ ಹರಿತವಾಗಿದ್ದು, ಜಾಗ ತಪ್ಪದಿದ್ದರೆ ಅರ್ಧ ನಿಮಿಷದೊಳಗೆ ಅದಕ್ಕೆ ಪ್ರಜ್ಞೆ ಉಳಿಯುವುದಿಲ್ಲ.

ಕೊಲ್ಲಲಾಗದವರು ತಿನ್ನಬಾರದು ಎಂಬ ನಿಯಮವನ್ನು ನಾವು ಒಪ್ಪುವುದಿಲ್ಲ. ಹಾಗೆಂದರೆ, ರಕ್ತ ನೋಡಿ ಅಭ್ಯಾಸವಾದವರು ಎಷ್ಟು ಬೇಕಾದರೂ ತಿನ್ನಬಹುದು ಎಂದಂತಾಯಿತು. ಆದರೆ ತಿನ್ನುವವರು ಒಮ್ಮೆಯಾದರೂ ಪಕ್ಕದಲ್ಲಿ ನಿಂತು, ಕೋಳಿ ಹಿಡಿಯುವಲ್ಲಿಂದ ತುಂಡು ಮಾಡುವವರೆಗೆ ಮುಖ ತಿರುಗಿಸದೆ ನೋಡಬೇಕು. ಇದನ್ನು ನಾವು ಗಟ್ಟಿಯಾಗಿಯೇ ಹೇಳುತ್ತೇವೆ. ನೋಡಿದ ಮೇಲೆ ತಿನ್ನುವುದು ಬೇಡವೆನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನೀವೂ ಮೊದಲ ಎರಡು ಸಲ ಹಿಡಿದುಕೊಳ್ಳಿ, ನೆರೆಯವರೇ ಕೊಯ್ಯಲಿ. ಮೂರನೆಯ ಸಲ ಕತ್ತಿ ನಿಮ್ಮ ಕೈಗೆ ಬರಲಿ, ಅವರು ಪಕ್ಕದಲ್ಲಿರಲಿ.

ಕೆಲಸ ಹಿಂದಿನ ಸಂಜೆಯೇ ಶುರು. ಕತ್ತಲಾಗಿ ಕೋಳಿಗಳು ಗೂಡು ಸೇರಿದ ಮೇಲೆ, ಬೇಕಾದುದನ್ನು ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ಎತ್ತಿ ಬುಟ್ಟಿಯಡಿಯಲ್ಲಿಡಿ. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ. ಹಗಲು ಅಂಗಳ, ತೋಟ ಎಂದು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಅದರ ಹೆದರಿಕೆಯೂ ಹೆಚ್ಚು, ಮಾಂಸವೂ ಗಡಸು. ರಾತ್ರಿಯಿಂದ ಕಾಳು ಕೊಡಬೇಡಿ, ನೀರಿರಲಿ. 8ರಿಂದ 10 ಗಂಟೆ ಹೊಟ್ಟೆ ಖಾಲಿಯಿದ್ದರೆ ಸಾಕು. ತಿಂದ ಕೋಳಿಯನ್ನು ಕೊಯ್ದರೆ ಕರುಳು ತೆಗೆಯುವಾಗ ಹಿಕ್ಕೆ ಮಾಂಸಕ್ಕೆಲ್ಲ ಮೆತ್ತುತ್ತದೆ. ಹಾಗೆಂದು ಇಡೀ ದಿನ ಉಪವಾಸ ಕೆಡವಿದರೆ ಕರುಳಿನ ಗೋಡೆ ತೆಳುವಾಗಿ ಎಳೆದ ಕೂಡಲೇ ಹರಿಯುತ್ತದೆ. ತೂಗಡಿಸುವ, ಮೂಗು ಸೋರುವ, ಬಿಳಿ ಅಥವಾ ಹಸಿರು ಭೇದಿಯ ಕೋಳಿ ಬೇಡ. ಮದ್ದು ಕೊಟ್ಟಿದ್ದರೆ, ಎಷ್ಟು ದಿನ ಮಾಂಸ ತಿನ್ನಬಾರದೆಂದು ಬಾಟ್ಲಿಯ ಚೀಟಿಯಲ್ಲಿ ಬರೆದಿರುತ್ತದೋ ಅಷ್ಟು ದಿನ ಕಾಯಿರಿ.

ಕತ್ತಿ 5–6 ಇಂಚಿನದು ಸಾಕು, ಹಲ್ಲಿರುವುದು ಬೇಡ. ಪತ್ರಿಕೆಯ ಹಾಳೆಯನ್ನು ಎತ್ತಿ ಹಿಡಿದು ಅಂಚಿನಿಂದ ಎಳೆಯಿರಿ. ಹರಿಯದೆ ಸೀಳಿಕೊಂಡು ಹೋದರೆ ಹರಿತ ಸರಿ. ಕೋಳಿಯನ್ನು ಹಿಡಿಯಲು 5 ಲೀಟರಿನ ಎಣ್ಣೆ ಕ್ಯಾನಿನ ತಳ ತೆಗೆದು, ಬಾಯಿಯನ್ನು ತಲೆ ಮತ್ತು ಕುತ್ತಿಗೆ ಮಾತ್ರ ಹೊರಬರುವಷ್ಟು ಅಗಲ ಮಾಡಿ, ತಲೆಕೆಳಗಾಗಿ ಕಂಬಕ್ಕೆ ಕಟ್ಟಿಕೊಳ್ಳಿ. ದೊಡ್ಡ ಹುಂಜವಾದರೆ ಅಕ್ಕಿಯ ಪ್ಲಾಸ್ಟಿಕ್ ಗೋಣಿಯ ಒಂದು ಮೂಲೆ ಕತ್ತರಿಸಿದರೂ ಆಗುತ್ತದೆ. ರೆಕ್ಕೆ ಬಡಿಯಲು ಜಾಗವಿಲ್ಲದಾಗ ಕೋಳಿಗೆ ಗಾಬರಿ ಕಡಿಮೆ, ನಿಮ್ಮ ಕೈಗೂ ನಡುಕ ಕಡಿಮೆ.

ಇನ್ನು ಕೊಯ್ಯುವ ಜಾಗ. ಎಡಗೈಯಲ್ಲಿ ತಲೆ ಹಿಡಿದು ಕುತ್ತಿಗೆಯನ್ನು ಮೆಲ್ಲ ಕೆಳಗೆ ಎಳೆಯಿರಿ. ದವಡೆಯ ಎಲುಬಿಗೆ ತಾಗಿ, ಕಿವಿಯ ಹಾಲೆಯ ಹಿಂದೆ, ಬೆರಳಿನಿಂದ ಪುಕ್ಕ ಬಿಡಿಸಿ ಚರ್ಮ ಕಾಣುವಂತೆ ಮಾಡಿ. ಹೊಸಬರು ಎಡವುವುದು ಇಲ್ಲೇ. ಪುಕ್ಕದ ಮೇಲೆಯೇ ಕತ್ತಿ ಇಟ್ಟರೆ ಅದು ಜಾರುತ್ತದೆ, ಚರ್ಮ ಮಾತ್ರ ಗೀರುತ್ತದೆ, ಕೋಳಿ ಒದ್ದಾಡುತ್ತದೆ, ಎರಡನೆಯ ಏಟಿಗೆ ನಿಮ್ಮ ಕೈ ಏಳುವುದಿಲ್ಲ. ಚರ್ಮದ ಮೇಲಿಟ್ಟು, ಒತ್ತದೆ, ಒಂದೇ ಎಳೆತದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ, ಬೆನ್ನೆಲುಬು ತಾಗುವವರೆಗೆ ಎಳೆಯಿರಿ. ಉಸಿರಿನ ಕೊಳವೆ, ಅನ್ನನಾಳ, ಎರಡೂ ಬದಿಯ ರಕ್ತನಾಳ ಒಟ್ಟಿಗೆ ತುಂಡಾಗಬೇಕು. ರಕ್ತ ಧಾರೆಯಾಗಿ ಬಂದರೆ ಸರಿಯಾಗಿದೆ. ತೊಟ್ಟಿಕ್ಕಿದರೆ ಒಂದು ಬದಿಯ ನಾಳ ತಪ್ಪಿದೆ ಎಂದರ್ಥ. ಆಗ ಯೋಚಿಸುತ್ತಾ ನಿಲ್ಲಬಾರದು, ಆ ಕ್ಷಣವೇ ಮತ್ತೊಮ್ಮೆ ಕೊಯ್ಯಬೇಕು. ಒಂದೇ ಬದಿ ಕೊಯ್ದ ಕೋಳಿ ಬಹಳ ಹೊತ್ತು ಎಚ್ಚರವಾಗಿಯೇ ಇರುತ್ತದೆ.

ಸ್ವಲ್ಪ ಹೊತ್ತಿಗೆ ಕಣ್ಣಿನ ಗುಡ್ಡೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ರೆಪ್ಪೆ ಮಿಟುಕದಿದ್ದರೆ ಪ್ರಜ್ಞೆ ಹೋಗಿದೆ. ಜೋರಾದ ಬಡಿತ ಬರುವುದು ಆಮೇಲೆಯೇ. ಮೆದುಳಿನ ಹಿಡಿತ ತಪ್ಪಿದ ಬೆನ್ನುಹುರಿ ಕೊಡುವ ಬಡಿತ ಅದು, ನೋವಿನದಲ್ಲ. ಇದು ಗೊತ್ತಿಲ್ಲದವರು ಬೆದರಿ ಕೈಬಿಡುತ್ತಾರೆ, ಕೋಳಿ ಅಂಗಳದಲ್ಲಿ ಹೊರಳುತ್ತದೆ, ರೆಕ್ಕೆ ಮುರಿದು ಮಾಂಸದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 2 ಕಿಲೋ ಕೋಳಿಯ ಮೈಯಲ್ಲಿರುವ ರಕ್ತ ಸುಮಾರು 150 ಗ್ರಾಂ, ಹೊರಬರುವುದು ಅದರಲ್ಲಿ ಅರ್ಧದಷ್ಟು. ಕನಿಷ್ಠ 2 ನಿಮಿಷ ಹಾಗೆಯೇ ಬಿಡಿ. ಉಸಿರು ಪೂರ್ತಿ ನಿಂತಿದೆ ಎಂದು ನೋಡದೆ ಬಿಸಿನೀರಿಗೆ ಹಾಕುವುದು ಮಹಾಪಾಪ.

ನೀರು 60–65 ಡಿಗ್ರಿ ಇರಬೇಕು. ಥರ್ಮಾಮೀಟರ್ ಬೇಕಿಲ್ಲ: 5 ಲೀಟರ್ ಕುದಿಯುವ ನೀರಿಗೆ 5 ಲೀಟರ್ ಬಾವಿ ನೀರು ಬೆರೆಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕಾಲು ಹಿಡಿದು ಮುಳುಗಿಸಿ, ಮೇಲೆ ಕೆಳಗೆ ಆಡಿಸುತ್ತಾ 45ರಿಂದ 60 ಸೆಕೆಂಡು. ರೆಕ್ಕೆಯ ದೊಡ್ಡ ಗರಿ ಎಳೆದರೆ ಸಲೀಸಾಗಿ ಬರಬೇಕು. ನೀರು ಹೆಚ್ಚು ಬಿಸಿಯಾದರೆ ಚರ್ಮ ಬೆಂದು ಪುಕ್ಕದ ಜೊತೆ ಕಿತ್ತುಬರುತ್ತದೆ, ಕಡಿಮೆಯಾದರೆ ಪುಕ್ಕ ತುಂಡಾಗಿ ಬುಡ ಒಳಗೇ ಉಳಿಯುತ್ತದೆ. ಉಳಿದ ಕೂದಲನ್ನು ಒಣ ಮಡಲಿನ ಬೆಂಕಿಯಲ್ಲಿ ಸುಟ್ಟು, ಅರಸಿನ ಉಪ್ಪು ಹಚ್ಚಿ ಉಜ್ಜಿ ತೊಳೆಯಿರಿ.

ಒಳಗಿನದು ತೆಗೆಯುವ ಮೊದಲು, ಬಾಲದ ಮೇಲಿರುವ ಹಳದಿ ಎಣ್ಣೆಗಂಟನ್ನು ಕತ್ತರಿಸಿ ಎಸೆಯಿರಿ, ಅದು ಉಳಿದರೆ ಸಾರಿಗೆ ಒಂಥರಾ ವಾಸನೆ. ಕುತ್ತಿಗೆಯ ಬುಡದಲ್ಲಿ ಕಾಳಿನ ಚೀಲವನ್ನು ಚರ್ಮದಿಂದ ಬಿಡಿಸಿಕೊಳ್ಳಿ. ಹಿಂಬದಿಯ ದ್ವಾರದ ಸುತ್ತ, ಕರುಳಿಗೆ ಕತ್ತಿ ತಾಗದಂತೆ ವೃತ್ತಾಕಾರ ಕೊಯ್ದು, ಕೈ ಹಾಕಿ ಎದೆಗೂಡಿಗೆ ಬೆರಳು ತಾಗಿಸಿಕೊಂಡೇ ಒಳಕ್ಕೆ ಹೋಗಿ ಎಲ್ಲವನ್ನೂ ಒಟ್ಟಿಗೆ ಎಳೆಯಿರಿ. ಲಿವರಿಗೆ ಅಂಟಿಕೊಂಡಿರುವ ಹಸಿರು ಪಿತ್ತದ ಚೀಲವನ್ನು ಒತ್ತಬೇಡಿ. ಒಡೆದರೆ ಹಸಿರಾದ ಭಾಗವನ್ನು ಕತ್ತರಿಸಿ ಬಿಸಾಡಿ, ಎಷ್ಟು ತೊಳೆದರೂ ಕಹಿ ಹೋಗದು. ಕಾಳು ಅರೆಯುವ ಗಟ್ಟಿ ಚೀಲವನ್ನು ಸೀಳಿ ಕಲ್ಲು ತೊಳೆದು, ಒಳಗಿನ ಹಳದಿ ಪೊರೆ ಸುಲಿಯಿರಿ. ಪಕ್ಕೆಲುಬಿಗೆ ಹತ್ತಿಕೊಂಡ ಶ್ವಾಸಕೋಶವನ್ನು ಬೆರಳಿನಿಂದ ಕೆರೆದು ತೆಗೆಯಬೇಕು.

ಕೊಯ್ದ ಒಂದು ಗಂಟೆಯೊಳಗೆ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಲೆಗಿಟ್ಟರೆ ಎಷ್ಟು ಬೇಯಿಸಿದರೂ ರಬ್ಬರು. ಫ್ರಿಜ್ಜಿನಲ್ಲಿ 6 ಗಂಟೆ ಇಟ್ಟು ಆಮೇಲೆ ತುಂಡು ಮಾಡಿದರೆ ಮೆದು. ಪುಕ್ಕ, ಕರುಳನ್ನು ತೋಡಿಗೆ ಎಸೆಯಬೇಡಿ. ಬಾವಿಯಿಂದ ದೂರ, ತೆಂಗಿನ ಬುಡದಿಂದ ಸ್ವಲ್ಪ ಬಿಟ್ಟು 2 ಅಡಿ ಆಳದ ಗುಂಡಿಯಲ್ಲಿ ಸುಣ್ಣ ಎರಚಿ ಮುಚ್ಚಿ. ಆಳ ಕಡಿಮೆಯಾದರೆ ನಾಯಿ ಕೆದಕುತ್ತದೆ.

ಆಡಿನ ಮೇಲೆ ಕಲಿಯುವ ಸಾಹಸ ಮಾತ್ರ ಬೇಡ. ಆಡಿಗೆ ಪಳಗಿದ ಕೈಯೇ ಬೇಕು.

ಪ್ರಶ್ನೆ: ನನ್ನ ಕೈಯಲ್ಲಿ ಸಾಧ್ಯವಿಲ್ಲ, ಪ್ರಯತ್ನಿಸುವುದೂ ಇಲ್ಲ. ಅಂಗಡಿಯಿಂದಲೇ ತರುವವರಿಗೆ ಏನೂ ಜವಾಬ್ದಾರಿ ಇಲ್ಲವೇ?
— ಓದುಗರು, ಕುಂಬಳೆ

ಉತ್ತರ: ಇದೆ. ಅದು ಕಣ್ಣು ತೆರೆದು ನೋಡುವ ಜವಾಬ್ದಾರಿ. ಅಂಗಡಿಗೆ ಹೋದರೆ ಗಿರಾಕಿಗಳು ತೂಕದ ಯಂತ್ರ ನೋಡುತ್ತಾರೆ, ಒಳಗೆ ಇಣುಕುವುದಿಲ್ಲ. ನೀವು ಇಣುಕಿ. ಗೂಡಿನ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿವೆಯೇ, ನೀರಿನ ಪಾತ್ರೆ ಇದೆಯೇ, ಒಂದನ್ನು ಕೊಯ್ಯುವುದು ಉಳಿದವುಗಳ ಕಣ್ಣೆದುರಿಗೇ ಆಗುತ್ತಿದೆಯೇ? 2001ರ ಕಸಾಯಿಖಾನೆ ನಿಯಮಗಳಲ್ಲಿ, ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕೊಲ್ಲಬಾರದು ಎಂದಿದೆ. ಗಬ್ಬದ ಪ್ರಾಣಿ, 3 ತಿಂಗಳೊಳಗಿನ ಮರಿ, 3 ತಿಂಗಳೊಳಗಿನ ಮರಿಯಿರುವ ತಾಯಿ, ಇವನ್ನು ಕೊಲ್ಲುವಂತಿಲ್ಲ ಎಂದೂ ಇದೆ. ಇವು ಕಸಾಯಿಖಾನೆಗೆ ಬರೆದ ಮಾತುಗಳಾದರೂ, ಪೇಟೆಯ ಅಂಗಡಿಯವರು ಒಂದು ತಗಡು ಅಡ್ಡ ನಿಲ್ಲಿಸಿದರೆ ಮೊದಲನೆಯದು ಅಲ್ಲಿಯೂ ನಡೆಯುತ್ತದೆ.

ಕೊಯ್ದ ಕೋಳಿಯನ್ನು ಡ್ರಮ್ಮಿಗೆ ಹಾಕಿ 10 ಸೆಕೆಂಡಿಗೇ ಎತ್ತಿ ಸುಲಿಯಲು ಶುರುಮಾಡಿದರೆ, ‘ಎರಡು ನಿಮಿಷ ಬಿಡಿ, ನನಗೆ ಅವಸರವಿಲ್ಲ’ ಎನ್ನಿ. ಅಂಗಡಿಯವರು ಅವಸರ ಮಾಡುವುದು ನೀವು ಕಾಯುತ್ತಿದ್ದೀರೆಂದೇ.

ಮಾಂಸವೂ ಮಾತಾಡುತ್ತದೆ. ತೊಡೆ, ರೆಕ್ಕೆಯ ಬುಡ ನೋಡಿ. ಕೆಂಪಗೆ ಅಥವಾ ನೇರಳೆ ಬಣ್ಣದಲ್ಲಿ ಜಜ್ಜಿದ ಗುರುತಿದ್ದರೆ ಅದು ಅದೇ ದಿನದ್ದು, ಸಾಗಿಸುವಾಗಲೋ ಅಂಗಡಿಯಲ್ಲೋ ಕಾಲು ಹಿಡಿದು ಎಸೆದದ್ದು. ಹಸಿರು ತಿರುಗಿದ್ದರೆ ಒಂದು ದಿನಕ್ಕಿಂತ ಹಳೆಯದು, ಫಾರ್ಮಿನಲ್ಲೇ ಆದದ್ದು. ಪುಕ್ಕ ತೆಗೆದ ಕೋಳಿಯ ಚರ್ಮ ಇಡೀ ಕೆಂಪೇರಿದ್ದರೆ ರಕ್ತ ಸರಿಯಾಗಿ ಹೋಗಿಲ್ಲ. ಅಂಥದ್ದು ಬೇಡವೆಂದು ಕಾರಣ ಹೇಳಿಯೇ ವಾಪಸು ಕೊಡಿ.

ಪ್ರಶ್ನೆ: ಏಡಿಯನ್ನು ಜೀವಂತ ಕುದಿಯುವ ನೀರಿಗೆ ಹಾಕುವುದನ್ನು ನೋಡಲಾಗುವುದಿಲ್ಲ. ಮೀನಿಗೆ, ಏಡಿಗೆ ನೋವಾಗುತ್ತದೆಯೇ?
— ಓದುಗರು, ಉಪ್ಪಳ

ಉತ್ತರ: ಆಗುತ್ತದೆ ಎಂದೇ ತಿಳಿದು ನಡೆದುಕೊಳ್ಳಬೇಕು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತುಟಿಗೆ ಉರಿ ಬರಿಸುವ ಆಮ್ಲ ಚುಚ್ಚಿದಾಗ ಮೀನು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡಿತು, ಉಸಿರಾಟ ಜೋರಾಯಿತು. 2022ರಲ್ಲಿ ಅದೇ ದೇಶ ಏಡಿ, ಸಿಗಡಿಗಳನ್ನೂ ನೋವು ಅರಿಯುವ ಜೀವಿಗಳೆಂದು ಕಾನೂನಿನಲ್ಲಿ ಸೇರಿಸಿತು.

ಏಡಿಗೆ ಹೀಗೆ ಮಾಡಿ. ಲೀಟರಿಗೆ 35 ಗ್ರಾಂ ಉಪ್ಪು ಬೆರೆಸಿದ ನೀರಿಗೆ ನೀರಿನಷ್ಟೇ ಐಸ್ ಪುಡಿ ಹಾಕಿ, ಏಡಿಯನ್ನು ಅರ್ಧ ಗಂಟೆ ಮುಳುಗಿಸಿಡಿ. ಬರೀ ಸಿಹಿನೀರು ಬೇಡ, ಸಮುದ್ರದ ಏಡಿಗೆ ಅದೇ ಹಿಂಸೆ. ಕಣ್ಣು ತಟ್ಟಿದರೂ ಕಾಲು ಎಳೆದರೂ ಅಲುಗದಿದ್ದಾಗ ಮಗುಚಿ ಹಾಕಿ, ಹೊಟ್ಟೆಯ ಮಡಿಕೆ ಎತ್ತಿ, ಅದರಡಿಯ ಸಣ್ಣ ಕುಳಿಯಲ್ಲಿ ಚೂಪಾದ ದಬ್ಬಣವನ್ನು ಬೆನ್ನ ಚಿಪ್ಪು ತಾಗುವವರೆಗೆ ಇಳಿಸಿ. ತಕ್ಷಣ ಮುಂದೆ, ಕಣ್ಣುಗಳ ನಡುವಿನ ತಗ್ಗಿನಲ್ಲಿಯೂ ಹಾಗೆಯೇ. ಏಡಿಗೆ ನರದ ಗಂಟು ಎರಡು ಕಡೆ ಇರುವುದರಿಂದ ಒಂದೇ ಚುಚ್ಚು ಸಾಲದು. ಜೀವಂತ ಬಿಸಿನೀರಿಗೆ ಬಿದ್ದ ಏಡಿ ಕಾಲು ಉದುರಿಸುತ್ತದೆ, ಆ ತೂತಿನಿಂದ ನೀರು ನುಗ್ಗಿ ಮಾಂಸ ಸಪ್ಪೆಯಾಗುತ್ತದೆ. ಅಡುಗೆಯ ಲೆಕ್ಕದಲ್ಲೂ ಕೊಂದು ಬೇಯಿಸುವುದೇ ಮೇಲು.

ಮಳೆಗಾಲದಲ್ಲಿ ಸಿಗುವ ಮುಗುಡು ಗಾಳಿಯನ್ನೂ ಉಸಿರಾಡುವ ಮೀನು. ಬಕೆಟಿನಲ್ಲಿ ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕಿರುತ್ತದೆ. ಲೋಳೆ ಹೋಗಲೆಂದು ಹಾಗೆಯೇ ಬೂದಿ ಹಾಕಿ ಕಲ್ಲಿಗೆ ತಿಕ್ಕುವುದು ನಮ್ಮ ಕಡೆಯ ರೂಢಿ. ಇದನ್ನು ಬಿಡಬೇಕು. ಒದ್ದೆ ಬಟ್ಟೆಯಲ್ಲಿ ಹಿಡಿದು, ಕಣ್ಣಿನ ಸ್ವಲ್ಪ ಹಿಂದೆ ಕೊರಡಿನಿಂದ ಒಂದೇ ಬಲವಾದ ಪೆಟ್ಟು ಕೊಡಿ. ಕಿವಿರಿನ ಅಲುಗಾಟ ನಿಂತ ಮೇಲೆ ಕಿವಿರು ಕೊಯ್ದು ರಕ್ತ ಬಿಡಿ, ಆಮೇಲೆ ಬೂದಿ. ಎರಡೂ ಬದಿಯ ಮುಳ್ಳು ಕೈಗೆ ಚುಚ್ಚದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮನೆಯಲ್ಲಿ ಎರಡು ದನಗಳಿವೆ. ಈ ಚರ್ಚೆ ನಮಗೆ ಸಂಬಂಧವಿಲ್ಲ ಅಲ್ಲವೇ?
— ಓದುಗರು, ಪೆರ್ಲ

ಉತ್ತರ: ಸ್ವಲ್ಪ ಸಂಬಂಧವಿದೆ. ದನ ಕರು ಹಾಕಿದರೆ ತಾನೇ ಹಾಲು, ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಉಳುಮೆ ಟ್ರ್ಯಾಕ್ಟರು, ಟಿಲ್ಲರಿಗೆ ಹೋದ ಮೇಲೆ ಹೋರಿಕರುವನ್ನು ಕೇಳುವವರು ಯಾರು? ಕೊಟ್ಟಿಗೆಯಿಂದ ಅದು ಎಲ್ಲಿಗೆ ಹೋಗುತ್ತದೆಂದು ಹಾಲು ಕುಡಿಯುವವರಿಗೂ ಗೊತ್ತಿರಬೇಕು. ನಿಮ್ಮ ಕೈಯಲ್ಲಿರುವ ಒಂದು ದಾರಿ, ಲಿಂಗ ಬೇರ್ಪಡಿಸಿದ ವೀರ್ಯದ ಕೃತಕ ಗರ್ಭಧಾರಣೆ. ಅದರಲ್ಲಿ 10ರಲ್ಲಿ 9ರಷ್ಟು ಹೆಣ್ಣುಕರು. ಮಾಮೂಲಿಗಿಂತ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ, ಆದ್ದರಿಂದ ಬೆದೆಯ ಹೊತ್ತು ತಪ್ಪಬಾರದು: ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೂಜಿ ಹಾಕಿಸಿ. ಗಂಡೇ ಹುಟ್ಟಿದರೂ ಮೊದಲ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಹೇಗಿದ್ದರೂ ಮಾರುವ ಕರುವೆಂದು ಅದನ್ನು ಹಸಿವಿನಲ್ಲಿ ಕಟ್ಟಿಹಾಕುವುದು, ಯಾವ ಕತ್ತಿಯೂ ಕೊಡದಷ್ಟು ದೀರ್ಘವಾದ ಸಾವು.