ಒಣಗಿಸುವ ಮುನ್ನ ಒಂದು ಕುದಿ

ಪ್ರಶ್ನೆ: ಹೊಸದಾಗಿ ಡ್ರೈಯರ್ ಕೊಂಡಿದ್ದೇನೆ. ಕ್ಯಾರೆಟ್, ಬೀನ್ಸ್, ಆಲೂಗಡ್ಡೆಗಳನ್ನು ತೊಳೆದು, ಹೆಚ್ಚಿ, ನೇರವಾಗಿ ತಟ್ಟೆಗಳಲ್ಲಿ ಹರಡಿದೆ. ಬೇಗ ಒಣಗಲಿ ಎಂದು ಶಾಖವನ್ನೂ ಏರಿಸಿದೆ. ಆಲೂಗಡ್ಡೆ ಕಪ್ಪಾಯಿತು. ಕ್ಯಾರೆಟ್ ಸ್ವಲ್ಪ ದಿನಗಳಲ್ಲೇ ಬಿಳಿಚಿಕೊಂಡು ಒಣಹುಲ್ಲಿನ ವಾಸನೆ ಬರುತ್ತಿದೆ. ಬೀನ್ಸ್ ಇಟ್ಟ ಡಬ್ಬಿಯಲ್ಲಿ ಬೂಷ್ಟು. ಯಂತ್ರವೇ ಸರಿಯಿಲ್ಲವೇ?

ಉತ್ತರ: ಯಂತ್ರವನ್ನು ಬಯ್ಯಬೇಡಿ, ಪಾಪ, ಬಿಸಿಗಾಳಿ ಊದುವುದಷ್ಟೇ ಅದಕ್ಕೆ ಗೊತ್ತು. ನಿಮ್ಮ ಪತ್ರದಲ್ಲಿ ಒಲೆಯ ಸುದ್ದಿಯೇ ಇಲ್ಲ. ನನಗೆ ಅನುಮಾನ ಬಂದದ್ದು ಅಲ್ಲಿಯೇ.

ಕಿತ್ತ ಮೇಲೂ ತರಕಾರಿಯೊಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ. ಡ್ರೈಯರಿನ ಹದವಾದ ಶಾಖಕ್ಕೆ ಅವು ಪೂರ್ತಿ ಸಾಯುವುದಿಲ್ಲ. ಒಣಗಿದ ತುಂಡಿನಲ್ಲೂ ನಿಧಾನವಾಗಿ ಬಣ್ಣ, ರುಚಿಗಳನ್ನು ಕೆಡಿಸುತ್ತಲೇ ಇರುತ್ತವೆ. ಅವುಗಳ ಕೆಲಸ ನಿಲ್ಲಿಸಲು ಕುದಿಯುವ ನೀರು ಬೇಕು. ಕ್ಯಾರೆಟ್ಟಿಗೆ ಮೂರೂವರೆ ನಿಮಿಷ, ಬೀನ್ಸಿಗೆ ಎರಡು, ಆಲೂಗಡ್ಡೆಗೆ ಐದಾರು. ನೀರು ಧಾರಾಳವಾಗಿರಲಿ. ತುಂಡುಗಳನ್ನು ಹಾಕಿದ ಒಂದು ನಿಮಿಷದೊಳಗೆ ಅದು ಮತ್ತೆ ಕುದಿಯದಿದ್ದರೆ ನೀವು ಆಸೆಪಟ್ಟು ಹೆಚ್ಚು ಸುರಿದಿದ್ದೀರಿ ಎಂದು ಅರ್ಥ. ಹಬೆಯಲ್ಲಿಯೂ ಮಾಡಬಹುದು, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಸತ್ವ ನೀರಿಗೆ ಇಳಿದು ಹೋಗುವುದು ಕಡಿಮೆ. ನನ್ನ ಒಲವು ಹಬೆಯ ಕಡೆಗೇ. ಕುದಿಸಿದ ತುಂಡು ಮೆತ್ತಗಾಗುವುದರಿಂದ ಒಳಗಿನ ನೀರು ಬೇಗ ಹೊರಬರುತ್ತದೆ, ಒಣಗಿಸುವ ಸಮಯವೂ ಉಳಿಯುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಂದು ಗಳಿಗೆ ಅದ್ದಿ, ಬಸಿದು, ಇನ್ನೂ ಬೆಚ್ಚಗಿರುವಾಗಲೇ ತಟ್ಟೆಗೆ ಹರಡಿ. ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ.

ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆ ಮೆಣಸಿನಕಾಯಿ, ಅಣಬೆಗಳಿಗೆ ಈ ಕುದಿ ಬೇಡ. ಈರುಳ್ಳಿ ಒಣಗಿಸುವ ದಿನ ಬೇರೇನನ್ನೂ ಅದರ ಜೊತೆ ಇಡಬೇಡಿ. ಎಲ್ಲವೂ ಈರುಳ್ಳಿಯೇ ಆಗಿಬಿಡುತ್ತದೆ.

ಹೆಚ್ಚುವುದರಲ್ಲೂ ಶಿಸ್ತು ಬೇಕು. ಕ್ಯಾರೆಟ್ ಬಿಲ್ಲೆಗಳು ಸುಮಾರು 3 ಮಿಲಿಮೀಟರ್ ದಪ್ಪವಿರಲಿ, ಎಲ್ಲವೂ ಒಂದೇ ಸಮ. ದಪ್ಪ, ತೆಳು ಬೆರೆತರೆ ಒಂದು ಸೀಯುವಾಗ ಇನ್ನೊಂದು ಹಸಿಯಾಗಿಯೇ ಇರುತ್ತದೆ.

ಇನ್ನು ನೀವು ಏರಿಸಿದ ಶಾಖ. ಗಾಳಿ ಅತಿಯಾಗಿ ಬಿಸಿಯಾದರೆ ತುಂಡಿನ ಮೇಲ್ಮೈ ಬೇಗ ಗಟ್ಟಿಯಾಗಿ, ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಡಬ್ಬಿಗೆ ಹಾಕಿದ ಮೇಲೆ ಬೂಷ್ಟು ಹಿಡಿಯುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಾಕು. ಗಡಿಯಾರಕ್ಕಿಂತ ಕೈಯನ್ನು ನಂಬಿ: ಒಂದು ತುಂಡನ್ನು ಹೊರತೆಗೆದು, ಆರಿದ ಮೇಲೆ ಬಗ್ಗಿಸಿ ನೋಡಿ. ಲಟಕ್ಕನೆ ಮುರಿಯಬೇಕು. ಬಿಸಿಯಿರುವಾಗ ಎಲ್ಲವೂ ಮೆತ್ತಗೇ ಅನ್ನಿಸುತ್ತವೆ, ಅದಕ್ಕೆ ಮೋಸಹೋಗಬೇಡಿ.

ಪೂರ್ತಿ ಆರಿದ ಮೇಲೆ ಗಾಜಿನ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಮೊದಲ ವಾರ ದಿನಕ್ಕೊಮ್ಮೆ ಗಾಜನ್ನು ನೋಡಿ; ಒಳಗೆ ಪಸೆ ಕಂಡರೆ ತಡಮಾಡದೆ ಮತ್ತೆ ಡ್ರೈಯರಿಗೆ ಹಾಕಿ. ಚೆನ್ನಾಗಿ ಒಣಗಿದ್ದನ್ನು ಬೆಳಕು, ಸೆಕೆ ತಾಗದ ಕಡೆ ಇಟ್ಟರೆ ಆರು ತಿಂಗಳು ಧೈರ್ಯವಾಗಿ ಬಳಸಬಹುದು.

ಬೂಷ್ಟು ಬಂದ ಬೀನ್ಸನ್ನು ಮಾತ್ರ ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಡಬ್ಬಿಯಲ್ಲಿದ್ದಷ್ಟನ್ನೂ ಎಸೆಯಿರಿ.