ಗುರುಗ್ರಹದ ಜೆಟ್ ಗಾಳಿಗಳನ್ನು ಲೆಕ್ಕಹಾಕಲು ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಏಕೆ?

ಒಂದೊಂದು ಸುಳಿಯನ್ನೂ ಹಿಂಬಾಲಿಸುವ ಅಗತ್ಯವಿಲ್ಲ, ಅದಕ್ಕೆ. ಗುರುವಿನ ಸಣ್ಣ ಸುಳಿಗಳು ಕೆಲವೇ ದಿನಗಳಲ್ಲಿ ಹುಟ್ಟಿ ಅಳಿಯುತ್ತವೆ. ಪೂರ್ವ-ಪಶ್ಚಿಮವಾಗಿ ಬೀಸುವ ಜೆಟ್ ಗಾಳಿಗಳಾದರೋ 1979ರಲ್ಲಿ ವಾಯೇಜರ್ ನೌಕೆಗಳಿಗೆ ಕಂಡಂತೆಯೇ 2000ದಲ್ಲಿ ಕ್ಯಾಸಿನಿ ನೌಕೆಗೂ ಬಹುತೇಕ ಕಂಡವು.

ಈ ಜೆಟ್‌ಗಳನ್ನು ಪೋಷಿಸುವುದು ಸುಳಿಗಳೇ. ಗಾಳಿಯ ಸೆಳೆತಕ್ಕೆ ಓರೆಯಾಗಿ ಹಿಗ್ಗಿದ ಸುಳಿಗಳು ತಮ್ಮ ಸಂವೇಗವನ್ನು (ಮೊಮೆಂಟಮ್) ಜೆಟ್‌ನ ನಡುವಿಗೆ ಸಾಗಿಸುತ್ತವೆ. ಇದನ್ನು ತಿಳಿಯಲು ಒಂದು ಸರಾಸರಿ ಸಾಕು: ಪೂರ್ವ-ಪಶ್ಚಿಮ ವೇಗದ ಏರಿಳಿತವೂ ಉತ್ತರ-ದಕ್ಷಿಣ ವೇಗದ ಏರಿಳಿತವೂ ಎಷ್ಟರಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಎಂಬುದು. ಇದೇ ಕೋವೇರಿಯನ್ಸ್.

ಹಾಗಾಗಿ ಸಮೀಕರಣಗಳು ಎರಡು, ಸರಾಸರಿ ಗಾಳಿಗೊಂದು, ಕೋವೇರಿಯನ್ಸ್‌ಗೊಂದು. ತೊಡಕು ಇರುವುದು ಇಲ್ಲೇ. ಸುಳಿ-ಸುಳಿಗಳ ನಡುವಿನ ಒಡನಾಟವನ್ನು ಸೇರಿಸಿದರೆ ಎರಡನೆಯ ಹಂತದ ಸರಾಸರಿಗೆ, ಅಂದರೆ ಕೋವೇರಿಯನ್ಸ್‌ಗೆ, ಮೂರನೆಯದು ಬೇಕು, ಮೂರನೆಯದಕ್ಕೆ ನಾಲ್ಕನೆಯದು. ಸರಪಳಿ ಮುಗಿಯುವುದೇ ಇಲ್ಲ. ಆದ್ದರಿಂದ ಎರಡಕ್ಕೇ ಕತ್ತರಿಸಿ, ಸುಳಿ-ಸುಳಿಗಳ ಒಡನಾಟವನ್ನು ಕೈಬಿಡುತ್ತಾರೆ ಅಥವಾ ಅದರ ಬದಲು ಯಾದೃಚ್ಛಿಕ ತಳ್ಳುವಿಕೆಯನ್ನು ಸೇರಿಸುತ್ತಾರೆ.

ಜೆಟ್ ಪ್ರಬಲವಾಗಿದ್ದು ಸುಳಿಗಳಿಗಿಂತ ತೀರಾ ನಿಧಾನವಾಗಿ ಬದಲಾಗುವಾಗ ಲೆಕ್ಕ ಚೆನ್ನಾಗಿ ಕೂಡುತ್ತದೆ. ಜೆಟ್ ದುರ್ಬಲವಾಗಿ ಅಂಕುಡೊಂಕಾದರೆ ಕೈಕೊಡುತ್ತದೆ. ಜೆಟ್‌ಗಳ ಸಂಖ್ಯೆಯೇ ತಪ್ಪಬಹುದು. ಆದರೂ ಇದರ ದೊಡ್ಡ ಸೊಗಸು ಬೇರೆಯದೇ ಎನ್ನುತ್ತೇನೆ: ಜೆಟ್ ಇಲ್ಲದ ಸ್ಥಿತಿಯಿಂದ ಹೊರಟರೂ, ಸುಳಿಗಳ ಬಲ ಒಂದು ಮಿತಿ ದಾಟಿದೊಡನೆ ಜೆಟ್‌ಗಳು ತಾವಾಗಿ ಬೆಳೆಯುವುದನ್ನು ಇದೇ ಸಮೀಕರಣಗಳು ತೋರಿಸುತ್ತವೆ.